ಮೊಣಕಾಲುದ್ದದ ಹಿಮ

“ಗುರುಗಳೇ, ಹತ್ತು ಹಾಳೆಗಳು ಹಿಮ ಬೀಳುತ್ತದೆ ಅನ್ನುತ್ತವೆ, ಹತ್ತು ಹಾಳೆಗಳು ಬೀಳುವುದಿಲ್ಲ ಅನ್ನುತ್ತವೆ. ನಾನು ಜನರಿಗೆ ಏನು ಹೇಳಬೇಕು?”

ಕೇಳಿದವನು ಚಂದ್ರಮೌಳಿ. ಅವನ ಎದುರು ಕೂತವರು ನರಹರಿರಾಯರು. ಹಿಮದ ಬೆಟ್ಟಗಳ ತಪ್ಪಲಿನಲ್ಲಿ ಹವಾಮಾನ ಕಲಿಸುವ ಒಂದು ಶಾಲೆಯಿತ್ತು. ರಾಯರು ಕನ್ನಡ ನಾಡು ಬಿಟ್ಟು ಅಲ್ಲಿಗೆ ಹೋಗಿ ಮೂವತ್ತು ವರ್ಷ ಪಾಠ ಹೇಳಿದವರು. ಚಂದ್ರಮೌಳಿ ಅವರಲ್ಲಿ ಕಲಿತು ಮುಗಿಸಿದ್ದ. ಬೆಟ್ಟದ ಮೇಲಿನ ಒಂದು ಘಾಟಿಯನ್ನು ದಾಟುವವರಿಗೆ ಮುನ್ಸೂಚನೆ ಕೊಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಅದು ಅವನ ಮೊದಲ ಚಳಿಗಾಲ.

ಹಾಳೆಗಳ ವಿಷಯ ಹೀಗೆ. ಇವತ್ತಿನ ಗಾಳಿ, ಚಳಿ, ತೇವವನ್ನು ಕಂಪ್ಯೂಟರಿಗೆ ಕೊಟ್ಟು ನಾಳಿನ ಹವೆಯನ್ನು ಲೆಕ್ಕ ಹಾಕಿಸುತ್ತಾರೆ. ಆ ಲೆಕ್ಕದ ಕ್ರಮಕ್ಕೆ ಮಾಡೆಲ್ ಎಂದು ಹೆಸರು. ಮೊದಲು ಕೊಟ್ಟ ಅಂಕಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕೊನೆಯ ಫಲ ಬೇರೆಯಾಗಬಹುದು. ಆದ್ದರಿಂದ ಅಂಕಿಗಳನ್ನು ಸ್ವಲ್ಪ ಸ್ವಲ್ಪ ಆಚೀಚೆ ಮಾಡಿ ಅದೇ ಮಾಡೆಲನ್ನು ಇಪ್ಪತ್ತು ಸಲ ಓಡಿಸುತ್ತಾರೆ. ಒಂದು ಸಲಕ್ಕೆ ಒಂದು ಹಾಳೆ. ಇಪ್ಪತ್ತೂ ಸೇರಿದರೆ ಒಂದು ಓಟ, ಆರು ಗಂಟೆಗೊಮ್ಮೆ ಹೊಸ ಓಟ ಬರುತ್ತದೆ. ಇಪ್ಪತ್ತೂ ಒಂದೇ ಮಾತು ಹೇಳಿದರೆ ಓದುವವನ ಕೆಲಸ ಸುಲಭ. ಆ ವಾರ ಅವು ಹಾಗೆ ಹೇಳಲಿಲ್ಲ.

“ಮಧ್ಯಾಹ್ನದೊಳಗೆ ಬರೆದು ಕಳಿಸಬೇಕು. ಘಾಟಿಯ ಬುಡದಲ್ಲಿ ಅರವತ್ತು ಜನ ಕಾಯುತ್ತಿದ್ದಾರೆ,” ಎಂದ ಚಂದ್ರಮೌಳಿ. “ಬೀಳುತ್ತದೆ ಎಂದು ಹೇಳಿ ಬೀಳದಿದ್ದರೆ ನಗುತ್ತಾರೆ. ಬೀಳುವುದಿಲ್ಲ ಎಂದು ಹೇಳಿ ಬಿದ್ದರೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಅದಕ್ಕೇ ನಡುವಿನ ಒಂದು ಮಾತು ಬರೆದು ತಂದಿದ್ದೇನೆ. ಎತ್ತ ತಿರುಗಿದರೂ ನಾನು ತಪ್ಪುವುದು ಅರ್ಧ ಮಾತ್ರ.”

ರಾಯರು ಅವನ ಕೈಯಿಂದ ಕಾಗದ ತೆಗೆದುಕೊಂಡು ಓದಿದರು. ‘ಸಾಧಾರಣ ಹಿಮಪಾತ. ಎಚ್ಚರದಿಂದ ಸಾಗಿರಿ’ ಎಂದು ಅದರಲ್ಲಿತ್ತು.

“ಅಕ್ಷರ ಮುದ್ದಾಗಿದೆ,” ಎಂದು ಅವರು ಕಾಗದವನ್ನು ಹಿಂದಕ್ಕೆ ಕೊಟ್ಟರು. “ಕೂತುಕೋ. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆ. ಒಂದು ಕತೆ ಕೇಳಿ ಹೋಗು.”

ಅವರು ಹೇಳಿದ ಕತೆ ಇದು.

ಒಂದು ಘಾಟಿಯ ಬುಡದಲ್ಲಿ ಒಂದು ಊರಿತ್ತು. ಆ ಊರಿನಲ್ಲಿ ಒಬ್ಬ ಹವಾಮಾನದ ಅಧಿಕಾರಿಯಿದ್ದ. ಜನ ಅವನನ್ನು ಹವೆ ಸಾಹೇಬ ಎಂದು ಕರೆಯುತ್ತಿದ್ದರು. ಓದಿದವನು, ಪ್ರಾಮಾಣಿಕ. ಹಾಳೆ ಬಂದ ಕೂಡಲೇ ಊಟ ಬಿಟ್ಟು ಎದ್ದು ನೋಡುವವನು. ಅವನನ್ನು ಕೆಟ್ಟವನು ಅಂದುಕೊಳ್ಳಬೇಡ. ಕೆಟ್ಟವನ ಕತೆಯಾಗಿದ್ದರೆ ನಿನಗೆ ಹೇಳುತ್ತಿರಲಿಲ್ಲ. ನಿನಗೆ ಅದರಿಂದ ಏನೂ ಉಪಯೋಗವಿಲ್ಲ.

ಬೇಸಿಗೆಯೆಲ್ಲ ಕುರಿಗಾಹಿಗಳ ಮಂದೆಗಳು ಘಾಟಿಯ ಈಚೆಗೆ ಮೇಯುತ್ತಿದ್ದವು. ಚಳಿಗಾಲ ಬರುವ ಮುಂಚೆ ಘಾಟಿ ದಾಟಿ ಆಚೆಯ ಬೆಚ್ಚನೆಯ ಕಣಿವೆಗೆ ಹೋಗಬೇಕು. ಎರಡು ದಿನದ ದಾರಿ. ನಡುವೆ ಒಂದೇ ಒಂದು ಗವಿ. ಗವಿ ದಾಟಿದ ಮೇಲೆ ಆಚೆ ಇಳಿಯುವವರೆಗೆ ಆಸರೆಗೆ ಒಂದು ಬಂಡೆಯೂ ಇಲ್ಲ.

ಆ ಜನಕ್ಕೆ ಅಂಗುಲ, ಮಿಲಿಮೀಟರು ಯಾವುದೂ ಬೇಕಿರಲಿಲ್ಲ. ಹಿಮಕ್ಕೆ ಅವರಲ್ಲಿ ಮೂರೇ ಅಳತೆ. ಕಣಕಾಲು, ಮೊಣಕಾಲು, ಸೊಂಟ. ಸಾಹೇಬ ಕಣಕಾಲು ಅಂದರೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಮೊಣಕಾಲು ಅಂದರೆ ಗಂಡಸರು ಟಗರುಗಳನ್ನು ಮುಂದೆ ಬಿಟ್ಟುಕೊಂಡು ಹಿಮ ತುಳಿದು ದಾರಿ ಮಾಡುತ್ತಾರೆ. ಹೆಂಗಸರು ಮರಿಗಳನ್ನು ಕರೆದುಕೊಂಡು ತುಳಿದ ದಾರಿಯಲ್ಲಿ ಹಿಂದೆ ಬರುತ್ತಾರೆ. ಸೊಂಟ ಅಂದರೆ ಯಾರೂ ಹೊರಡುವುದಿಲ್ಲ. ಊರಲ್ಲೇ ಉಳಿಯುತ್ತಾರೆ. ಉಳಿದರೆ ಊರಿನ ಒಣಹುಲ್ಲು ಅರ್ಧ ಮಂದೆಗೆ ಮಾತ್ರ ಸಾಲುತ್ತದೆ. ಮಿಕ್ಕ ಅರ್ಧವನ್ನು ಮೊದಲ ವಾರದಲ್ಲೇ ಕಡಿಯಬೇಕು. ಸಾಕಿದ ಕೈಯಲ್ಲೇ ಕಡಿಯಬೇಕು.

ಸಾಹೇಬನ ಒಂದು ಮಾತಿಗೆ ಇಷ್ಟೆಲ್ಲ ಆಗುತ್ತಿತ್ತು. ಅದು ಅವನಿಗೆ ಗೊತ್ತಿತ್ತು.

ನಾನು ಹೇಳಹೊರಟ ಘಟನೆಗೆ ಮೂರು ವರ್ಷದ ಹಿಂದೆ ಅವನು ಸೊಂಟ ಅಂದಿದ್ದ. ಇಪ್ಪತ್ತು ಹಾಳೆಯಲ್ಲಿ ಹದಿನಾಲ್ಕು ಹಾಗೆ ಹೇಳಿದ್ದವು. ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ಜನ ಅಳುತ್ತ ಕುರಿ ಕಡಿದರು. ಆಮೇಲೆ ಹದಿನೈದು ದಿನ ಆಕಾಶದಲ್ಲಿ ಒಂದು ಚೂರು ಮೋಡ ಬರಲಿಲ್ಲ. ಉಳಿದ ಆರು ಹಾಳೆಗಳು ಗೆದ್ದಿದ್ದವು. ಅಲ್ಲಿಂದ ಶುರುವಾಯಿತು ಗೇಲಿ. ಕುರಿಗಾಹಿ ಗಂಡಸರು ಸಾಹೇಬನ ಬಾಗಿಲ ಮುಂದೆ ಹಾದುಹೋಗುವಾಗ ನಿಚ್ಚಳ ಬಿಸಿಲಿನಲ್ಲಿ ಅಂಗಿ ಸೊಂಟದ ಮೇಲಕ್ಕೆ ಎತ್ತಿ ಹಿಡಿದು, ಆಳದ ಹಿಮದಿಂದ ಕೀಳುವವರ ಹಾಗೆ ಒಂದೊಂದೇ ಕಾಲು ಕಿತ್ತಿಡುತ್ತಿದ್ದರು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಸಾಹೇಬ ಕಿಟಕಿ ಮುಚ್ಚಿಕೊಂಡು ಒಳಗೆ ಕೂರುತ್ತಿದ್ದ. ಒಂದು ತಿಂಗಳು ಅವನು ಅಂಗಡಿಗೆ ಹೋಗಲಿಲ್ಲ.

ಪಾಪ, ಅವನಿಗೂ ನೋವಾಗಿತ್ತು. ನಿನಗೂ ಆಗುತ್ತದೆ. ಈ ಕೆಲಸಕ್ಕೆ ಕೈಹಾಕಿದ ಮೇಲೆ ಅದು ತಪ್ಪಿದ್ದಲ್ಲ.

ನಾನು ಹೇಳುವ ವರ್ಷ ಮಂದೆಗಳು ಘಾಟಿಯ ಬುಡಕ್ಕೆ ತಡವಾಗಿ ಬಂದವು. ಅದೇ ಹೊತ್ತಿಗೆ ಪಶ್ಚಿಮದಿಂದ ಒಂದು ಬಿರುಗಾಳಿ ಹೊರಟಿತ್ತು. ಅದಕ್ಕೆ ಎರಡೇ ದಾರಿ. ಬೆಟ್ಟಸಾಲಿನ ಉತ್ತರಕ್ಕೆ ಜಾರಿದರೆ ಘಾಟಿಗೆ ಒಂದಿಷ್ಟು ಗಾಳಿ ಬಿಟ್ಟು ಬೇರೇನೂ ಇಲ್ಲ. ದಕ್ಷಿಣಕ್ಕೆ ತಿರುಗಿದರೆ ಬಂದು ಘಾಟಿಯ ಮೇಲೆಯೇ ಕೂರುತ್ತದೆ, ಹೊತ್ತು ತಂದದ್ದನ್ನೆಲ್ಲ ಅಲ್ಲಿಯೇ ಸುರಿಯುತ್ತದೆ. ಮೂರನೆಯ ದಾರಿ ಇರಲಿಲ್ಲ. ಇದನ್ನು ನೆನಪಿಟ್ಟುಕೋ.

ಹಾಳೆಯಲ್ಲಿ ಹಿಮ ಬೀಳುವ ಜಾಗ ಕಪ್ಪಾಗಿ ಅಚ್ಚಾಗುತ್ತದೆ. ಮೊದಲ ದಿನ ಹದಿನಾರು ಹಾಳೆಗಳು ಖಾಲಿಯಿದ್ದವು, ನಾಲ್ಕು ಹಿಮ ತೋರಿಸಿದವು. ಸಾಹೇಬ ಆ ನಾಲ್ಕನ್ನು ಬದಿಗಿಟ್ಟ. ಎರಡನೆಯ ದಿನ ಹನ್ನೆರಡು ಖಾಲಿ, ಎಂಟರಲ್ಲಿ ಹಿಮ. ಮುಂದಿನ ಓಟ ನೋಡೋಣ ಎಂದುಕೊಂಡ. ಮೂರನೆಯ ದಿನ ಹತ್ತು ಖಾಲಿ, ಹತ್ತರಲ್ಲಿ ಹಿಮ. ಆ ಹಿಮವಾದರೂ ಎಷ್ಟು? ಹತ್ತರಲ್ಲಿ ಒಂದು ಹಾಳೆಯೂ ಸೊಂಟಕ್ಕಿಂತ ಕೆಳಗಿನ ಮಾತಾಡಲಿಲ್ಲ. ಎದೆಯ ತನಕ ಹೋದವೂ ಇದ್ದವು. ಹಾಳೆಗಳು ಯಾವ ಕಡೆಗೆ ವಾಲುತ್ತಿವೆ ಎಂದು ಅವನಿಗೆ ಕಾಣಿಸಿತು. ಕಾಣಿಸಲಿಲ್ಲ ಎಂದು ಅವನೂ ಆಮೇಲೆ ಹೇಳಲಿಲ್ಲ. ಆದರೂ ಇನ್ನೊಂದು ಓಟ ಬರಲಿ ಎಂದು ಕಾದ. ಅದರಲ್ಲಿಯೂ ಹತ್ತು, ಹತ್ತು. ನಿರ್ಧಾರ ಮಾಡಲು ಮನಸ್ಸಿಲ್ಲದವನಿಗೆ ಮುಂದಿನ ಓಟ ಎನ್ನುವುದು ಎಷ್ಟು ಅನುಕೂಲ ನೋಡು. ಆರು ಗಂಟೆಗೊಂದು ನೆವ ಸಿಗುತ್ತದೆ.

ನಾಲ್ಕನೆಯ ದಿನ ಬೆಳಗ್ಗೆ ಒಬ್ಬ ಕುರಿಗಾಹಿ ಬಂದು ಬಾಗಿಲಲ್ಲಿ ನಿಂತ. ಹನ್ನೊಂದು ಜನರ ಗುಂಪಿಗೆ ಅವನೇ ಹಿರಿಯ. ಅವನ ಹೆಂಡತಿ ನಾಲ್ಕು ಹೆಜ್ಜೆ ಹಿಂದೆ ಒಂದು ಮರಿಯನ್ನು ಕಂಕುಳಲ್ಲಿ ಹಿಡಿದು ನಿಂತಿದ್ದಳು.

“ಮೇವು ಮುಗೀತಾ ಬಂತು ಸಾಹೇಬರೇ,” ಎಂದ ಕುರಿಗಾಹಿ. “ಇವತ್ತು ಹೊರಡಬೇಕು, ಇಲ್ಲ ಕಡಿಯೋಕೆ ಕೂರಬೇಕು. ಕಣಕಾಲೋ, ಮೊಣಕಾಲೋ, ಸೊಂಟವೋ, ಒಂದು ಮಾತು ಹೇಳಿಬಿಡಿ.”

ಸಾಹೇಬ ಒಳಗೆ ಹೋದ. ಇಪ್ಪತ್ತು ಹಾಳೆಗಳನ್ನೂ ಮೇಜಿನ ಮೇಲೆ ಹರಡಿದ. ಸೊಂಟ ಎಂದು ಹೇಳಲು ಬಾಯಿ ಬರಲಿಲ್ಲ. ಅಂಗಿ ಎತ್ತಿ ಹಿಡಿದು ನಡೆದವರು ಕಣ್ಣ ಮುಂದೆ ಬಂದರು. ಏನೂ ಇಲ್ಲ ಎಂದು ಹೇಳಲು ಧೈರ್ಯ ಬರಲಿಲ್ಲ. ಹತ್ತು ಹಾಳೆಗಳು ಕಪ್ಪಾಗಿ ಕೂತಿದ್ದವು. ಆಗ ಅವನು ಪೆನ್ಸಿಲ್ ಎತ್ತಿಕೊಂಡ. ಇಪ್ಪತ್ತನ್ನೂ ಕೂಡಿಸಿ ಇಪ್ಪತ್ತರಿಂದ ಭಾಗಿಸಿದ. ಉತ್ತರ ಮೊಣಕಾಲಿನಿಂದ ಒಂದು ಬೆರಳು ಮೇಲೆ ಬಂತು.

ಅವನಿಗೆ ಎಷ್ಟೋ ದಿನದ ಮೇಲೆ ಮೈ ಹಗುರವಾಯಿತು. ಸುಳ್ಳು ಹೇಳಬೇಕಾಗಿ ಬರಲಿಲ್ಲ. ತನ್ನ ಮನಸ್ಸಿಗೆ ಬಂದದ್ದನ್ನೂ ಹೇಳಬೇಕಾಗಿ ಬರಲಿಲ್ಲ. ಎಲ್ಲ ಹಾಳೆಗಳಿಗೂ ಮರ್ಯಾದೆ ಕೊಟ್ಟ ಹಾಗಾಯಿತು.

ಹೊರಗೆ ಬಂದು “ಮೊಣಕಾಲು” ಎಂದ.

“ಅಷ್ಟೇ ತಾನೆ?”

“ಅಷ್ಟೇ.”

ಕುರಿಗಾಹಿ ಕೈಮುಗಿದು ಹೊರಟ. ಮೊಣಕಾಲಿಗೆ ಏನು ಮಾಡಬೇಕೋ ಅದನ್ನೆಲ್ಲ ಅವರು ಮಾಡಿದರು. ಎಂಟು ಜನ ಗಂಡಸರು ಕಾಲಿಗೆ ಕಂಬಳಿಯ ಪಟ್ಟಿ ಸುತ್ತಿಕೊಂಡರು. ಗಟ್ಟಿ ಟಗರುಗಳನ್ನು ಆರಿಸಿ ಮುಂದಕ್ಕೆ ಬಿಟ್ಟರು. ಮೂವರು ಹೆಂಗಸರು ಮರಿಗಳನ್ನು ನಡೆಸಿಕೊಂಡು ಹಿಂದೆ ಹೋದರು. ಮುಂದೆ ಹೋಗುವವರಲ್ಲಿ ಆ ಹಿರಿಯ ಕುರಿಗಾಹಿಯೇ ಮೊದಲನೆಯವನು.

ಅವರು ಹೊರಟ ಮಧ್ಯಾಹ್ನ ಮುಂದಿನ ಓಟ ಬಂತು. ಇಪ್ಪತ್ತರಲ್ಲಿ ಹತ್ತೊಂಬತ್ತು ಹಾಳೆಗಳು ಕಪ್ಪಾಗಿದ್ದವು. ಬಿರುಗಾಳಿ ದಕ್ಷಿಣಕ್ಕೆ ತಿರುಗಿತ್ತು. ಸಾಹೇಬ ಎದ್ದು ನಿಂತ. ಚುರುಕಾದ ಒಬ್ಬನನ್ನು ಓಡಿಸಿದರೆ ಕತ್ತಲಾಗುವುದರೊಳಗೆ ಗವಿಯ ಹತ್ತಿರ ಅವರನ್ನು ಹಿಡಿಯಬಹುದಿತ್ತು. ಬಾಗಿಲ ತನಕ ಹೋದ. ಬೆಳಗ್ಗೆ ಒಂದು ಹೇಳಿ ಮಧ್ಯಾಹ್ನ ಇನ್ನೊಂದು ಹೇಳಿದರೆ ಊರು ಏನನ್ನುತ್ತದೆ ಎಂದು ಯೋಚಿಸಿದ. ಆ ಜನ ಹುಟ್ಟಿನಿಂದ ಬೆಟ್ಟ ನೋಡಿದವರು, ಹಿಮ ಬೀಳುವುದು ಕಂಡರೆ ತಾವೇ ತಿರುಗಿ ಬರುತ್ತಾರೆ ಎಂದು ಸಮಾಧಾನ ಮಾಡಿಕೊಂಡ. ಮತ್ತೆ ಬಂದು ಕುರ್ಚಿಯಲ್ಲಿ ಕೂತ.

ಇಲ್ಲಿ ರಾಯರು ಸ್ವಲ್ಪ ನಿಲ್ಲಿಸಿದರು. ರಾಯರು ಲೋಟದಲ್ಲಿದ್ದ ಆರಿದ ಕಾಫಿಯನ್ನು ಕುಡಿದು ಮುಂದುವರಿಸಿದರು.

ಮೂರು ದಿನ ಹಿಮ ಸುರಿಯಿತು. ಊರಿನಲ್ಲೇ ಬಾಗಿಲು ತೆರೆಯಲು ಸಲಿಕೆ ಬೇಕಾಯಿತು. ಘಾಟಿಯ ಕಡೆ ಮುಖ ಮಾಡುವವರೇ ಇರಲಿಲ್ಲ. ಅವರು ಹೊರಟ ಆರನೆಯ ದಿನ ಮೂವರು ಹೆಂಗಸರು ಇಳಿದು ಬಂದರು. ಮರಿಗಳು ಏಳು ಉಳಿದಿದ್ದವು. ಗಂಡಸರು ಬರಲಿಲ್ಲ, ಟಗರುಗಳು ಬರಲಿಲ್ಲ.

ಆ ಊರಲ್ಲಿ ಒಂದು ರೂಢಿಯಿತ್ತು. ಘಾಟಿಯಿಂದ ಬಂದವರು ಮನೆಗೆ ಹೋಗುವ ಮೊದಲು ಸಾಹೇಬನ ಬಾಗಿಲಿಗೆ ಬಂದು, ಮೇಲೆ ಹಿಮ ಎಷ್ಟಿತ್ತು ಎಂದು ಮೈಮೇಲೆ ಕೈಯಿಟ್ಟು ತೋರಿಸಿ ಹೋಗಬೇಕು. ಸಾಹೇಬ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಮುಂದೆ ಹೋಗುವವರಿಗೆ ಅನುಕೂಲವಾಗಲಿ ಎಂದು ಯಾರೋ ಹಿಂದಿನವರು ಮಾಡಿಟ್ಟದ್ದು. ಅದರಂತೆ ಆ ಕುರಿಗಾಹಿಯ ಹೆಂಡತಿ ಬಂದಳು. ಎರಡು ಕೈಗೂ ಬಟ್ಟೆ ಸುತ್ತಿತ್ತು. ಅವಳು ಬಲಗೈಯನ್ನು ಎದೆಯ ಮೇಲೆ ಇಟ್ಟುಕೊಂಡು ನಿಂತಳು. ದುಃಖಕ್ಕೆ ಹಾಗೆ ಇಟ್ಟುಕೊಂಡಿದ್ದಾಳೆ ಎಂದುಕೊಂಡ ಸಾಹೇಬ ತಲೆ ತಗ್ಗಿಸಿದ. ಅವಳು ಕೈ ತೆಗೆಯಲಿಲ್ಲ. ಆಗ ಅವನಿಗೆ ಅವಳು ಅಳತೆ ತೋರಿಸುತ್ತಿದ್ದಾಳೆ ಎಂದು ಗೊತ್ತಾಯಿತು.

“ಹಿಮ ಬೀಳೋದು ಕಂಡ ಮೇಲೂ ಯಾಕಮ್ಮ ತಿರುಗಿ ಬರಲಿಲ್ಲ?” ಎಂದು ಕೇಳಿದ. ಆ ಮಾತು ಅವನನ್ನು ಆರು ದಿನದಿಂದ ಸುಡುತ್ತಿತ್ತು.

“ನೀವು ಹೇಳಿದ್ರಲ್ಲ ಸಾಹೇಬರೇ,” ಎಂದಳು ಅವಳು. “ಗವಿ ಹತ್ರಾನೇ ಬೀಳೋಕೆ ಶುರುವಾಯ್ತು. ನಾನು ಇಲ್ಲೇ ಕೂತುಬಿಡೋಣ ಅಂದೆ. ಬೀಳುತ್ತೆ ಅಂತ ಸಾಹೇಬರು ಹೇಳೇ ಕಳಿಸಿದ್ದಾರಲ್ಲೇ, ಅದೇ ಬೀಳ್ತಿರೋದು, ನಡಿ ಅಂದ್ರು ನಮ್ಮನೆಯವರು. ಕಣಕಾಲಿಗೆ ಬಂತು, ಹೋದ್ವಿ. ಮೊಣಕಾಲಿಗೆ ಬಂತು. ಆಗ ಅವರು ಮುಂದಿನಿಂದ ತಿರುಗಿ ನನ್ನ ನೋಡಿ ನಕ್ಕರು. ನೋಡಿದ್ಯಾ, ಅಳೆದು ಹೇಳಿದ ಹಾಗೇ ಬಿತ್ತು, ಇನ್ನು ನಿಲ್ಲುತ್ತೆ ಅಂತ ಕೂಗಿ ಹೇಳಿದ್ರು. ನೀವು ಮೂರು ವರ್ಷದ ಹಿಂದೆ ತಪ್ಪಿದ್ರಲ್ಲ, ಈ ಸಲ ಸರಿಯಾಯ್ತು ಅಂತ ಅವರಿಗೆ ಸಂತೋಷ. ಆಮೇಲೆ ಅದು ನಿಲ್ಲಲಿಲ್ಲ. ನಮಗೆ ತುಳಿದ ದಾರಿ ಇತ್ತು, ಹಿಂದಕ್ಕೆ ಸರಿದು ಗವಿ ಸೇರಿದ್ವಿ. ಗಂಡಸರಿಗೆ ಮುಂದೂ ದಾರಿ ಇರಲಿಲ್ಲ, ಹಿಂದಿನದೂ ಮುಚ್ಚಿಹೋಗಿತ್ತು.”

ಅವಳು ಒಂದು ಹೆಜ್ಜೆ ಒಳಗೆ ಬಂದಳು.

“ನಿಲ್ಲುತ್ತೆ ಅಂತ ಯಾವ ಹಾಳೇಲಿತ್ತು ಸಾಹೇಬರೇ? ಅದನ್ನ ನೋಡಬೇಕು.”

ಅವನು ಆ ಬೆಳಗಿನ ಇಪ್ಪತ್ತು ಹಾಳೆಗಳನ್ನೂ ತಂದು ಮೇಜಿನ ಮೇಲಿಟ್ಟ. ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಖಾಲಿ ಹಾಳೆ ಯಾವುದು, ಕಪ್ಪು ಹಾಳೆ ಯಾವುದು ಎಂದು ತಿಳಿಯಲು ಓದು ಬೇಕಿಲ್ಲ. ಬಟ್ಟೆ ಸುತ್ತಿದ ಕೈಯಿಂದ ಒಂದೊಂದನ್ನೇ ಸರಿಸಿ ನೋಡಿದಳು. ಖಾಲಿಯವು ಒಂದು ಕಡೆ ಬಿದ್ದವು, ಕಪ್ಪಿನವು ಇನ್ನೊಂದು ಕಡೆ ಬಿದ್ದವು. ಮುಗಿದ ಮೇಲೆ ಮತ್ತೆ ಮೊದಲಿನಿಂದ ನೋಡಿದಳು. ಕೆಳಗೇನಾದರೂ ಬಿದ್ದಿದೆಯೋ ಎಂದು ಮೇಜಿನಡಿ ಬಗ್ಗಿ ನೋಡಿದಳು.

“ಮೊಣಕಾಲಿನದು ಎಲ್ಲಿ?” ಎಂದಳು.

“ಅದು ಇವುಗಳಲ್ಲಿ ಇಲ್ಲ,” ಎಂದ ಸಾಹೇಬ. “ಅದು ನಾನು ಮಾಡಿದ್ದು.”

ಅವಳು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸುಖವಾಗುತ್ತಿತ್ತು. ಎರಡೂ ಕಡೆಯ ಹಾಳೆಗಳ ಮೇಲೆ ಒಂದೊಂದು ಕೈಯಿಟ್ಟಳು.

“ಈ ಎರಡನ್ನೂ ತೋರಿಸಿದ್ದರೆ ಸಾಕಿತ್ತು,” ಎಂದಳು. “ಒಂದೋ ಏನೂ ಇಲ್ಲ, ಇಲ್ಲಾ ಎದೆಮಟ್ಟ, ಯಾವುದು ಅಂತ ನನಗೂ ಗೊತ್ತಿಲ್ಲ ಅಂದಿದ್ದರೆ ನಮಗೆ ಅರ್ಥವಾಗ್ತಿತ್ತು. ಗವಿ ತನಕ ಹೋಗಿ ಕೂತು ಆಕಾಶ ನೋಡ್ತಿದ್ವಿ. ಒಂದು ಚೂರು ಹಿಮ ಬಿದ್ದರೂ ಇಳಿದು ಬಂದುಬಿಡ್ತಿದ್ವಿ.”

ಅಷ್ಟು ಹೇಳಿ ಅವಳು ಹೋದಳು. ಸಾಹೇಬ ಪುಸ್ತಕ ತೆಗೆದ. ಅದರಲ್ಲಿ ಎರಡು ಅಂಕಣಗಳು. ಹೇಳಿದ್ದು ಒಂದರಲ್ಲಿ, ಬಿದ್ದದ್ದು ಇನ್ನೊಂದರಲ್ಲಿ. ಒಂದರಲ್ಲಿ ಮೊಣಕಾಲು ಎಂದು ಮೊದಲೇ ಬರೆದಿತ್ತು. ಇನ್ನೊಂದರಲ್ಲಿ ಎದೆ ಎಂದು ಬರೆದ. ಚಳಿಗಾಲ ಕಳೆದ ಮೇಲೆ ಮೇಲಿನ ಕಚೇರಿಯವರು ಬಂದು ಅವನ ಪೆನ್ಸಿಲಿನ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಿದರು. ಕೂಡಿಸಿದ್ದು ಸರಿಯಿತ್ತು, ಭಾಗಿಸಿದ್ದು ಸರಿಯಿತ್ತು. ಅವನ ಮೇಲೆ ಯಾವ ತಪ್ಪೂ ಬರಲಿಲ್ಲ. ಅವನು ಆ ಊರಲ್ಲೇ ಉಳಿದ. ಅದಾದ ಮೇಲೆ ಅವನ ಬಾಗಿಲ ಮುಂದೆ ಅಂಗಿ ಎತ್ತಿ ನಡೆದು ಗೇಲಿ ಮಾಡಲು ಆ ಗುಂಪಿನಲ್ಲಿ ಗಂಡಸರೇ ಇರಲಿಲ್ಲ.

ಕತೆ ಮುಗಿಯಿತು. ಬಿಸಿಲು ಕಿಟಕಿಯಿಂದ ಸರಿದು ಗೋಡೆಯ ಬುಡಕ್ಕೆ ಬಂದಿತ್ತು. ಮಧ್ಯಾಹ್ನಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ.

ಚಂದ್ರಮೌಳಿಯ ಕೈಯಲ್ಲಿ ಕಾಗದ ಹಾಗೇ ಇತ್ತು. ಬೆವರಿಗೆ ಒಂದು ಮೂಲೆ ಒದ್ದೆಯಾಗಿತ್ತು. ಅದನ್ನು ಹರಿಯಲು ಅವನಿಗೆ ಮನಸ್ಸು ಬರಲಿಲ್ಲ, ಕಳಿಸಲು ಧೈರ್ಯವೂ ಬರಲಿಲ್ಲ. ಅವನು ಮುಖ ಎತ್ತದೆ, ಯಾರನ್ನೋ ಕಾಪಾಡಲು ಹೊರಟವನಂತೆ ಕೇಳಿದ.

“ಆದರೂ ಗುರುಗಳೇ, ಹಿಮ ಬೀಳುತ್ತದೆ ಎಂದು ಅವನು ಹೇಳಿಯೇ ಕಳಿಸಿದ್ದನಲ್ಲ? ಅವನು ಪೂರ್ತಿ ತಪ್ಪಿದ ಎಂದು ಹೇಗೆ ಹೇಳುವುದು?”

ರಾಯರು ಒಂದೇ ಮಾತು ಹೇಳಿದರು.

“ಪೂರ್ತಿ ತಪ್ಪಲಿಲ್ಲ ಮಗು, ಮೊಣಕಾಲು ಮುಚ್ಚುವವರೆಗೆ ಅವನು ಹೇಳಿದ್ದು ಸರಿಯಾಗಿಯೇ ಇತ್ತು.”